ಇಳಿಯುವಾಗ ಮೊಣಕಾಲು ನೋವು: ಕಪ್ಪತಗುಡ್ಡಕ್ಕೆ ತಯಾರಿ ಹೇಗೆ?

ಉಣಕಲ್_ವಾಕರ್:
ವಯಸ್ಸು 52. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ನಡದಾವ. ಉಣಕಲ್ ಕೆರಿ ವಾಕಿಂಗ್ ಸಲೀಸು, ನೃಪತುಂಗ ಬೆಟ್ಟ ಹತ್ತೂದೂ ಆಗತೈತಿ. ಇಳಿಯೂವಾಗ ಮೊಣಕಾಲ ಮುಂದ ನೋವು, ಮರುದಿನ ತೊಡಿ ಹಿಡಕೊಂತಾವ. ಚಳಿಗಾಲದಾಗ ಕಪ್ಪತಗುಡ್ಡ ಹತ್ತಬೇಕಂತ ಅದೀನಿ. ಏನು ತಯಾರಿ ಬೇಕ್ರಿ?

ಗುಡ್ಡದ_ಹಾದಿ:
ಹತ್ತೂದು ಎದಿಗೆ ಕೆಲಸ, ಇಳಿಯೂದು ತೊಡಿಗೆ. ಸಪಾಟು ರಸ್ತೆದಾಗ ಎಷ್ಟು ನಡದ್ರೂ ಇಳಿಯೂ ತಾಕತ್ತು ಬರೂದಿಲ್ಲ. ಇಳಿಯೂವಾಗ ತೊಡಿ ಮುಂದಿನ ಸ್ನಾಯು ಹಿಗ್ಗಿಕೋತನ ಮೈಭಾರ ತಡೀಬೇಕು. ರೂಢಿ ಇಲ್ಲದ್ದಕ್ಕ 24ರಿಂದ 72 ತಾಸಿನೊಳಗ ನೋವು ಏರತೈತಿ. ಅದಕ್ಕ ಹೆದರಬ್ಯಾಡ್ರಿ. ಮೊಣಕಾಲು ಬಾತ್ರ, ಲಾಕ್ ಆದ್ರ, ತಟ್ಟನ ಕುಸದ್ರ ಮಾತ್ರ ಎಲುಬಿನ ಡಾಕ್ಟರ್‌ಗೆ ತೋರಸ್ರಿ.

ಮನ್ಯಾಗ 15 ಸೆಂ.ಮೀ. ಎತ್ತರದ ಮೆಟ್ಟಿಲ ಮ್ಯಾಲ ಒಂಟಿ ಕಾಲಿನಾಗ ನಿಲ್ರಿ, ಬೇಕಾದ್ರ ಗ್ವಾಡಿ ಹಿಡೀರಿ. ಇನ್ನೊಂದು ಹಿಮ್ಮಡಿ ಮೂರು ಎಣಿಸೂತನಕ ನಿಧಾನ ಕೆಳಗ ಇಳಿಸಿ, ನೆಲ ಮುಟ್ಟಿಸಿ, ಮ್ಯಾಲ ಬರ್ರಿ. ಒಂದೊಂದು ಕಾಲಿಗೆ 8–10 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಮೊಣಕಾಲು ಒಳಗ ವಾಲಿದ್ರ ಮಾಡಿದ್ದೆಲ್ಲಾ ದಂಡ. ಅದು ಪಾದದ ಎರಡನೇ ಬೆರಳಿನ ಸಾಲಿನಾಗ ಇರಬೇಕು. ಹಗುರ ಅನಿಸಿದ ಮ್ಯಾಲ 20 ಸೆಂ.ಮೀ.ಗೆ ಏರಿಸ್ರಿ.

ಬೆಟ್ಟ ಇಳಿಯೂವಾಗ ಹೆಜ್ಜಿ ಸಣ್ಣವಿರಲಿ, ಮೊಣಕಾಲು ತುಸು ಮಡಚಿರಲಿ. ಊರುಗೋಲು ಇದ್ರ ಸಪಾಟಿನಾಗ ಮೊಣಕೈ 90 ಡಿಗ್ರಿ ಬರೂವಷ್ಟು, ಇಳಿಜಾರಿನಾಗ 5–10 ಸೆಂ.ಮೀ. ಉದ್ದ. ಬೂಟು ಸಂಜೀ ಕಡೆ ಕೊಳ್ರಿ, ಆವಾಗ ಪಾದ ತುಸು ಬಾತಿರತಾವ. ಮುಂದ ಒಂದು ಹೆಬ್ಬೆರಳಿನ ಅಗಲ ಜಾಗ ಬೇಕು. ಇಳಿಯೂ ಮೊದಲ ಪಾದಗಂಟಿನ ಹತ್ರ ಲೇಸ್ ಬಿಗಿ ಮಾಡದಿದ್ರ ಬೆರಳು ಮುಂದಕ್ಕ ಬಡದು ಉಗುರು ಕಪ್ಪಾಗತೈತಿ.

ಧಾರವಾಡ_ಪೇಢಾ_ಬೇಡ:
ಮೊಣಕಾಲಿಗಿಂತ ಗ್ಲಿಮೆಪಿರೈಡ್ ಕಡೆ ಗಮನ ಕೊಡಿ. ಊಟ ಮಾಡಿರಲಿ ಬಿಡಲಿ, ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಜೊತೆಗೆ ಏರು ಹಾದಿಯ ನಡಿಗೆ ಸೇರಿದರೆ ಶುಗರ್ ದಿಢೀರ್ ಇಳಿಯಬಹುದು, ಆ ರಾತ್ರಿ ಮಲಗಿದಾಗಲೂ. ಹೋಗುವ ದಿನದ ಡೋಸ್ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿ, ನೀವೇ ಗುಳಿಗೆ ಬಿಡಬೇಡಿ. ಇಸಿಜಿ ಬೇಕೇ ಎಂದು ಅದೇ ಭೇಟಿಯಲ್ಲಿ ವಿಚಾರಿಸಿ.

ಗ್ಲುಕೋಮೀಟರ್ ಚೀಲದಲ್ಲಿರಲಿ. ಹೊರಡುವಾಗ ಶುಗರ್ 100 mg/dLಗಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹತ್ತಿ. ನಡುಕ, ತಣ್ಣನೆ ಬೆವರು, ತಲೆ ಗಿರ್ರೆಂದರೆ ನಿಂತು ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲುಕೋಸ್ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಆ ಹೊತ್ತಿಗೆ ಶೇಂಗಾ ಹೋಳಿಗೆ ಕೆಲಸ ಮಾಡುವುದಿಲ್ಲ: ಅದರ ಎಣ್ಣೆಯಂಶ ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಸುಧಾರಿಸಿದ ಮೇಲೆ ರೊಟ್ಟಿ-ಪಲ್ಯ ತಿನ್ನಿ.

ಡೋಣಿ_ಕಡೆಯವ:
ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಚಿರತೆ, ಕತ್ತೆಕಿರುಬ ಇದಾವ. ಡೋಣಿ ಕಡೆಯಿಂದ ಮಲ್ಲೇಶ್ವರ ಗುಡಿಗೆ ಹೋಗೋ ದಾರಿ ಬಿಟ್ಟು ಒಳಗ ನುಗ್ಗಬ್ಯಾಡ್ರಿ, ಅರಣ್ಯ ಇಲಾಖೆಯವರನ್ನ ಕೇಳಿ ಹೋಗ್ರಿ. ಔಷಧಿ ಗಿಡ ಕೀಳಬ್ಯಾಡ್ರಿ. ಗುಡ್ಡದ ಗಾಳಿಗೇ ಶುಗರ್ ಇಳೀತೈತಿ ಅನ್ನೋ ಮಾತು ನಂಬಿ ಗುಳಿಗಿ ಮರೀಬ್ಯಾಡ್ರಿ.

ಅಲ್ಲಿ ಗಾಳಿ ಬೆವರು ಆರಿಸಿಬಿಡತೈತಿ, ನೀರು ಹೋಗಿದ್ದು ಗೊತ್ತಾಗೂದಿಲ್ಲ. 3 ಲೀಟರ್ ಒಯ್ರಿ, ಬಾಯಾರಿಕಿಗೆ ಕಾಯದ ಗುಟುಕು ಗುಟುಕು ಕುಡೀರಿ. ಟೈಮ್ ಲೆಕ್ಕ: 5 ಕಿ.ಮೀ.ಗೆ ಒಂದು ತಾಸು, ಏರಿದ ಪ್ರತಿ 100 ಮೀಟರ್‌ಗೆ 10 ನಿಮಿಷ ಕೂಡಿಸ್ರಿ. ಹೊಸಬರಾದ್ರ ಬಂದದ್ದರ ಮ್ಯಾಲ ಅರ್ಧದಷ್ಟು ಹೆಚ್ಚು. ಬೆಳಕು ಹರಿದ ಕೂಡಲೇ ಶುರು ಮಾಡಿ 11ರೊಳಗ ಕೆಳಗ ಇರ್ರಿ. ಒಣ ಹುಲ್ಲಿನ ಮ್ಯಾಲ, ಸಣ್ಣ ಗರಸಿನ ಮ್ಯಾಲ ಬೂಟು ಜಾರತೈತಿ. ಅಂಥಲ್ಲಿ ಅಡ್ಡಡ್ಡ ಇಳೀರಿ.