.32 ರಿವಾಲ್ವರ್‌ನಲ್ಲಿ ಕೆಲವು ಕಾಟ್ರಿಜ್ ಸಿಡಿಯುತ್ತಿಲ್ಲ. ಹಂದಿಗೂ ಆತ್ಮರಕ್ಷಣೆಗೂ ಯಾವುದು ತಗೊಳ್ಳಲಿ?

ಮೆಣಸಿನಬಳ್ಳಿ:
ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವನು, ಕಾಫಿ ತೋಟ ಇದೆ. ಅಪ್ಪ ತೀರಿಕೊಂಡ ಮೇಲೆ ಅವರ .32 ರಿವಾಲ್ವರ್ ನನ್ನ ಹೆಸರಿಗೆ ಲೈಸೆನ್ಸ್ ಆಗಿ ಬಂದಿದೆ. ಕಾನ್ಪುರದ್ದು, ಆರು ಗುಂಡಿನದು. ಮೊನ್ನೆ ಶೂಟಿಂಗ್ ರೇಂಜ್‌ಗೆ ಒಯ್ದಿದ್ದೆ. ಕೆಲವು ಸರಿಯಾಗಿ ಹಾರಿದವು, ಕೆಲವು ಬರೀ "ಟಕ್" ಅಂದು ಸುಮ್ಮನಾದವು. ಎಲ್ಲವೂ ಅಪ್ಪನ ಬೀರುವಿನಲ್ಲಿ ಒಂದೇ ಬಿಸ್ಕತ್ತಿನ ಡಬ್ಬದಲ್ಲಿದ್ದವು, ಸಿಲಿಂಡರ್‌ನಲ್ಲಿ ಎಲ್ಲವೂ ಸಲೀಸಾಗಿ ಕೂರುತ್ತವೆ. ರಿವಾಲ್ವರ್‌ಗೂ ಕಾಟ್ರಿಜ್‌ಗೂ ಎಣ್ಣೆ ಹಾಕಿ ಒರೆಸಿಯೇ ಒಯ್ದಿದ್ದೆ.

ಇನ್ನೊಂದು ವಿಷಯ. ತೋಟಕ್ಕೆ ಹಂದಿ ಕಾಟ, ಆಗಾಗ ಆನೆ, ಕೊಯ್ಲಿನ ಹೊತ್ತಿಗೆ ಮೆಣಸಿನ ಕಳ್ಳರು. ಇಷ್ಟಕ್ಕೂ ಒಂದೇ ಕಾಟ್ರಿಜ್ ಇಟ್ಟುಕೊಳ್ಳುವುದಾದರೆ ಯಾವುದು? ಯೂಟ್ಯೂಬ್‌ನಲ್ಲಿ ಎಲ್ಲರೂ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ ಗುಂಡು) ಅನ್ನುತ್ತಾರೆ.

ಜೋಡಿನಳಿಕೆ:
ಸಿಡಿಯದೆ ಉಳಿದದ್ದರ ಹಿಂಭಾಗದ ಫೋಟೋ ಹಾಕಿ. ಕೇಪಿನ (ತಳದ ನಡುವಿನ, ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಮೇಲೆ ಪಿನ್ನು ಬಿದ್ದ ಗುಳಿ ಎಷ್ಟು ಆಳ ಇದೆ ನೋಡಬೇಕು. ಗುಳಿ ಆಳ ಇದ್ದೂ ಸಿಡಿಯಲಿಲ್ಲ ಅಂದರೆ ಕಾಟ್ರಿಜ್ ಸತ್ತಿದೆ. ಗುಳಿ ಮೇಲೆ ಮೇಲೆ ಇದ್ದರೆ ತಪ್ಪು ರಿವಾಲ್ವರ್‌ನದು, ಇಲ್ಲವೇ ಕಾಟ್ರಿಜ್ ಅದಕ್ಕೆ ಹೊಂದುತ್ತಿಲ್ಲ.

ಎಣ್ಣೆ ವಿಷಯ: ಕಾಟ್ರಿಜ್‌ಗೆ ಎಣ್ಣೆ ತಾಗಿಸಲೇಬಾರದು. ತುಕ್ಕು ಬಿಡಿಸುವ ಸ್ಪ್ರೇ ಅಂತೂ ಕೇಪಿನ ಸಂದಿಯಲ್ಲಿ ಇಳಿದು ಮದ್ದನ್ನೇ ಕೊಲ್ಲಬಹುದು.

ಮತ್ತೆ, ಟಕ್ ಅಂದಾಗ ಏನು ಮಾಡಿದಿರಿ? ಕೂಡಲೇ ಇನ್ನೊಮ್ಮೆ ಟ್ರಿಗರ್ ಎಳೆದಿರೋ?

ಮೆಣಸಿನಬಳ್ಳಿ:
ಹೌದಣ್ಣ, ಎಳೆದೆ. ಮುಂದಿನದು ಹಾರಿತು.

ಜೋಡಿನಳಿಕೆ:
ಇನ್ನು ಮೇಲೆ ಬೇಡ. ಕೆಲವು ಸಲ ಕೇಪು ತಡವಾಗಿ ಹೊತ್ತಿಕೊಳ್ಳುತ್ತದೆ. ನೀವು ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ ಆ ಕಾಟ್ರಿಜ್ ನಳಿಕೆಯ ನೇರದಿಂದ ಪಕ್ಕಕ್ಕೆ ಹೋಗಿರುತ್ತದೆ. ಅಲ್ಲಿ ಸಿಡಿದರೆ ಗುಂಡಿಗೆ ದಾರಿ ಇಲ್ಲ. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ, ಆಮೇಲೆ ತೆಗೆಯಿರಿ. ಸದ್ದು "ಪುಸ್" ಅಂತ ಸಣ್ಣಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಕೆ ಉಬ್ಬುತ್ತದೆ.

ಮೆಣಸಿನಬಳ್ಳಿ:
ಫೋಟೋ ಹಾಕಿದ್ದೇನೆ. ಸಿಡಿಯದವುಗಳ ಗುಳಿ ಉಗುರು ತಾಗಿಸಿದ ಹಾಗೆ, ಅಷ್ಟೇ. ಪಕ್ಕಪಕ್ಕ ಇಟ್ಟಾಗ ಇನ್ನೊಂದು ಕಂಡಿತು: ಹಾರಿದ ಜಾತಿಯವು ಉದ್ದ, ಮೂತಿ ಬೂದು ಸೀಸ. ಹಾರದವು ಗಿಡ್ಡ, ಮೂತಿ ತಾಮ್ರದ ಬಣ್ಣ. ಎರಡರ ತಳದಲ್ಲೂ .32 ಅಂತಲೇ ಇದೆ.

ಹಳೇಕೋವಿ:
ಸಿಕ್ಕಿತು. ನಿಮ್ಮ ಡಬ್ಬದಲ್ಲಿ ಎರಡು ಜಾತಿ ಬೆರೆತಿದೆ. ಉದ್ದದ್ದು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್, ನಿಮ್ಮ ರಿವಾಲ್ವರ್‌ನದು. ಗಿಡ್ಡದ್ದು .32 ಎಸಿಪಿ, ಅಂದರೆ 7.65 ಎಂಎಂ ಬ್ರೌನಿಂಗ್, ಪಿಸ್ತೂಲಿನದು. ಹಿತ್ತಾಳೆ ಕೊಳವೆ ಅಳೆದು ನೋಡಿ: ಮೊದಲನೆಯದು 23 ಎಂಎಂ ಮೇಲೆ, ಎರಡನೆಯದು 17 ಚಿಲ್ಲರೆ. ಗುಂಡಿನ ದಪ್ಪ ಹೆಚ್ಚುಕಮ್ಮಿ ಒಂದೇ, ಅದಕ್ಕೇ ಅದು ಸಿಲಿಂಡರ್‌ನಲ್ಲಿ ಕೂತು ಮೋಸ ಮಾಡುವುದು.

ರಿವಾಲ್ವರ್ ಕಾಟ್ರಿಜ್ ನಿಲ್ಲುವುದು ತಳದ ಅಂಚಿನ ಆಧಾರದ ಮೇಲೆ. ಎಸಿಪಿಯ ಅಂಚು ಕಿರಿದು, ಜೊತೆಗೆ ಕಾಲು ಎಂಎಂನಷ್ಟು ತೆಳು. ಆ ಕಾಲು ಎಂಎಂ ಅದು ಮುಂದೆ ಸರಿದು ಕೂರುತ್ತದೆ, ಪಿನ್ನು ಪೂರ್ತಿ ತಲುಪುವುದಿಲ್ಲ. ನೀವು ಕಂಡ ಉಗುರಿನ ಗುರುತು ಅದೇ.

ಹಾರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಹಾರದ್ದೇ ಒಳ್ಳೆಯದಾಯಿತು. ಲಾಂಗ್‌ಗೆ ಗರಿಷ್ಠ ಒತ್ತಡ 15,000 ಪಿಎಸ್‌ಐ (ಸ್ಟೇಷನ್ನಿನವರಲ್ಲ, ಅಳತೆಯದು), ಎಸಿಪಿಗೆ 20,500. ಹಳೆಯ ರಿವಾಲ್ವರ್‌ಗೆ ಆ ಹೊರೆ ಹೊರಿಸಬಾರದು. ಅಪ್ಪನ ಹತ್ತಿರ ಪಿಸ್ತೂಲೂ ಇತ್ತಾ?

ಮೆಣಸಿನಬಳ್ಳಿ:
ಇತ್ತು ಸರ್. ಮೂರು ಇದ್ದವು. 2019ರಲ್ಲಿ ಒಬ್ಬರಿಗೆ ಎರಡೇ ಅಂತ ಕಾನೂನು ಬಂದಾಗ ಪಿಸ್ತೂಲು ಕೊಟ್ಟುಬಿಟ್ಟರು. ಕಾಟ್ರಿಜ್ ಉಳಿದದ್ದು ನಮಗೆ ಗೊತ್ತೇ ಇರಲಿಲ್ಲ.

ಹಳೇಕೋವಿ:
ಹಾಗಾದರೆ ಆ ಗಿಡ್ಡದ್ದು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸ್‌ನಲ್ಲಿ ಇಲ್ಲದ ಆಯುಧದ ಮದ್ದುಗುಂಡು ಅದು. ಮೊದಲು ಠಾಣೆಗೆ ಫೋನ್ ಮಾಡಿ ವಿಷಯ ಹೇಳಿ, ಅವರು ಹೇಳಿದ ಹಾಗೆ ಒಪ್ಪಿಸಿ, ಬರವಣಿಗೆಯಲ್ಲಿ ಸ್ವೀಕೃತಿ ತಗೊಳ್ಳಿ. ಪಿಸ್ತೂಲು ಇರುವ ನೆಂಟರಿಗೆ ಸುಮ್ಮನೆ ದಾಟಿಸುವ ಯೋಚನೆ ಬೇಡ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು 2029ರವರೆಗೆ ಇರುವ ವಿನಾಯಿತಿಯ ಮಾತನ್ನು ಯಾರಾದರೂ ಎತ್ತಿದರೆ, ಅದು ಬೇರೆ ಕಾಗದ. ನಿಮ್ಮ ರಿವಾಲ್ವರ್ ನಿಂತಿರುವುದು ಲೈಸೆನ್ಸ್ ಮೇಲೆ.

ಈಗ ಎರಡನೇ ಪ್ರಶ್ನೆ. ಹಂದಿಗೆ ಯಾವ ಕಾಟ್ರಿಜ್ ಅಂದರೆ, ಯಾವುದೂ ಅಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಪ್ರಾಣ ಉಳಿಸಿಕೊಳ್ಳಲು ಹೊಡೆದದ್ದಕ್ಕೆ 11ನೇ ಸೆಕ್ಷನ್‌ನಲ್ಲಿ ರಕ್ಷಣೆ ಇದೆ, ಆದರೆ ಆ ಹೊತ್ತಿಗೆ ನೀವೇ ಕಾಯ್ದೆ ಮುರಿಯುತ್ತಿದ್ದರೆ ಅದೂ ಇಲ್ಲ. ಸತ್ತ ಪ್ರಾಣಿ ಸರ್ಕಾರದ್ದು, ಪಾಲು ಹಾಕುವುದಕ್ಕಲ್ಲ.

ಕಾನೂನು ಪಕ್ಕಕ್ಕಿಟ್ಟರೂ ಲೆಕ್ಕ ಕೂಡುವುದಿಲ್ಲ. ನಿಮ್ಮ .32 ಗುಂಡು ಸುಮಾರು 98 ಗ್ರೇನ್, ಅಂದರೆ ಆರು ಗ್ರಾಂ ಮೇಲೆ ಸ್ವಲ್ಪ. ಸೆಕೆಂಡಿಗೆ ಇನ್ನೂರ ಹದಿನೈದು ಮೀಟರ್ ಆಸುಪಾಸು ಹೋಗುತ್ತದೆ. ಶಕ್ತಿ 150 ಜೂಲ್ ಹತ್ತಿರ. 12 ಬೋರ್ ಕೋವಿ ಒಂದು ಸಲಕ್ಕೆ 2,000 ದಾಟಿಸುತ್ತದೆ. ದೊಡ್ಡ ಒಂಟಿ ಹಂದಿಯ ಭುಜದ ದಪ್ಪ ಚರ್ಮಕ್ಕೆ .32 ಬಿದ್ದರೆ ಅದು ಸಾಯುವುದಿಲ್ಲ, ನಿಮ್ಮ ಕಡೆ ತಿರುಗುತ್ತದೆ.

ನಾಪೋಕ್ಲು_12ಬೋರ್:
ಆದರೆ ಅಮೆರಿಕದವರು ರಿವಾಲ್ವರ್‌ನಲ್ಲೇ ಹಂದಿ ಹೊಡೆಯುವ ವಿಡಿಯೋ ಇದೆಯಲ್ಲ?

ಹಳೇಕೋವಿ:
ಅಲ್ಲಿ ಅದಕ್ಕೆ ಅನುಮತಿ ಇದೆ, ಅವರ ಕೈಯಲ್ಲಿರುವುದು .357 ಮ್ಯಾಗ್ನಮ್, .44 ಮ್ಯಾಗ್ನಮ್. ಅವರೂ ಒಂದೇ ಕಾಟ್ರಿಜ್ ಎರಡಕ್ಕೂ ಬಳಸುವುದಿಲ್ಲ. ಬೇಟೆಗೆ ಗಟ್ಟಿ ಸೀಸದ ಚಪ್ಪಟೆ ಮೂತಿ, ಮೂಳೆ ಒಡೆದು ಆಳಕ್ಕೆ ಇಳಿಯಬೇಕು. ಆತ್ಮರಕ್ಷಣೆಗೆ ಅರಳುವ ಹಾಲೋ ಪಾಯಿಂಟ್, ಒಳಗೇ ನಿಲ್ಲಬೇಕು, ಹಿಂದಿದ್ದವರಿಗೆ ತಾಗಬಾರದು. 1986ರ ಮಯಾಮಿ ಗುಂಡಿನ ಚಕಮಕಿಯ ಬಳಿಕ ಅಮೆರಿಕದ ಎಫ್‌ಬಿಐ ಇಟ್ಟುಕೊಂಡ ಅಳತೆ, ಮಾಂಸದ ಬದಲು ಪರೀಕ್ಷೆಗೆ ಬಳಸುವ ಜೆಲ್‌ನಲ್ಲಿ 12ರಿಂದ 18 ಇಂಚು ಆಳ. ಎರಡು ಕೆಲಸಕ್ಕೆ ಎರಡು ಎದುರು ಗುಣ ಬೇಕು, "ಎಲ್ಲದಕ್ಕೂ ಒಂದೇ" ಅನ್ನುವುದು ಮಾರುವವರ ಮಾತು.

.32 ಲಾಂಗ್‌ಗೆ ಹಾಲೋ ಪಾಯಿಂಟ್ ದಂಡ. ಅರಳುವಷ್ಟು ವೇಗವೇ ಅದಕ್ಕಿಲ್ಲ, ಅಕಸ್ಮಾತ್ ಅರಳಿದರೆ ಆಳ ಸಿಗುವುದಿಲ್ಲ. ಮಾಮೂಲು ಸೀಸದ ಗುಂಡೇ ಸಾಕು. ಡೀಲರ್ ಹತ್ತಿರ ".32" ಅಂತ ಮಾತ್ರ ಕೇಳಬೇಡಿ, ".32 ರಿವಾಲ್ವರ್" ಅಂತ ಕೇಳಿ, ಪೆಟ್ಟಿಗೆ ತೆರೆದು ಅಂಚು ನೋಡಿ ತಗೊಳ್ಳಿ. ಅದೇ ಪೆಟ್ಟಿಗೆಯಿಂದ ಕೆಲವನ್ನು ರೇಂಜ್‌ನಲ್ಲಿ ಹೊಡೆದು ನೋಡಿ, ಉಳಿದದ್ದನ್ನು ನಂಬಿ.

ನಾಪೋಕ್ಲು_12ಬೋರ್:
ಆನೆ ಎದುರು ಬಂದರೆ?

ಜೋಡಿನಳಿಕೆ:
ರಿವಾಲ್ವರ್ ಸೊಂಟದಲ್ಲೇ ಇರಲಿ, ಕಾಲಿಗೆ ಕೆಲಸ ಕೊಡಿ. ಹತ್ತಿರದಲ್ಲಿ ಸದ್ದು ಮಾಡಿದರೆ ಓಡುವ ಆನೆಯೂ ಇದೆ, ನುಗ್ಗುವ ಆನೆಯೂ ಇದೆ. ಮರಿ ಇದ್ದರಂತೂ ಕೇಳಲೇಬೇಡಿ. ಅರಣ್ಯ ಇಲಾಖೆಯ ಆರ್‌ಆರ್‌ಟಿ (ತುರ್ತು ಸ್ಪಂದನಾ ತಂಡ) ನಂಬರ್ ಫೋನಿನಲ್ಲಿರಲಿ. ಬೆಳಿಗ್ಗೆ ಕೆಲಸದವರನ್ನು ತೋಟಕ್ಕೆ ಇಳಿಸುವ ಮುಂಚೆ ಆನೆ ಎಲ್ಲಿದೆ ಅಂತ ವಾಟ್ಸಾಪ್ ಗುಂಪಿನಲ್ಲಿ ನೋಡಿ. ಕಳ್ಳರ ವಿಷಯದಲ್ಲೂ ಅಷ್ಟೇ: ಮೆಣಸಿನ ಚೀಲ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ಅದು ಆತ್ಮರಕ್ಷಣೆ ಅಂತ ಯಾವ ಕೋರ್ಟೂ ಒಪ್ಪುವುದಿಲ್ಲ.

ಮೆಣಸಿನಬಳ್ಳಿ:
ಅಪ್ಡೇಟ್: ಠಾಣೆಗೆ ಒಪ್ಪಿಸಿ ಸ್ವೀಕೃತಿ ತಗೊಂಡೆ. ಹೊಸ ಪೆಟ್ಟಿಗೆಯ ಉದ್ದದ್ದು ಒಂದೂ ಬಿಡದೆ ಹಾರಿತು. ಹಳೆಯ ಸೀಸದವುಗಳಲ್ಲಿ ಮಾತ್ರ ಒಂದು ಆಳ ಗುಳಿ ಬಿದ್ದೂ ಸಿಡಿಯಲಿಲ್ಲ. ಅರ್ಧ ನಿಮಿಷ ಕಾದೇ ತೆಗೆದೆ. ಅದು ಡಬ್ಬದ್ದಲ್ಲ, ಅಪ್ಪನ ಚರ್ಮದ ಬೆಲ್ಟಿನಲ್ಲಿ ಉಳಿದಿದ್ದದ್ದು, ಸುತ್ತ ಹಸಿರು ಕಿಲುಬು.

ಹಳೇಕೋವಿ:
ಚರ್ಮ ಹದ ಮಾಡುವ ಆಮ್ಲ ಹಿತ್ತಾಳೆಯನ್ನು ತಿನ್ನುತ್ತದೆ, ಜೊತೆಗೆ ನಮ್ಮ ಆಟಿ ತಿಂಗಳ ತೇವ. ಬೆಲ್ಟ್ ಕೈಲ್‌ಪೊಳ್ದ್ (ಕೊಡಗಿನ ಆಯುಧಪೂಜೆ ಹಬ್ಬ) ದಿನ ಪೂಜೆಗೆ ಇಡುವುದಕ್ಕೆ ಇರಲಿ, ಕಾಟ್ರಿಜ್ ಅದರಲ್ಲಿ ಬೇಡ. ಬಿಗಿ ಮುಚ್ಚಳದ ಡಬ್ಬ, ಒಳಗೆ ಸಿಲಿಕಾ ಪೊಟ್ಟಣ, ರಿವಾಲ್ವರ್‌ನಿಂದ ಬೇರೆ ಕಡೆ ಬೀಗ ಹಾಕಿ.

ನಾಪೋಕ್ಲು_12ಬೋರ್:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಅಂತ ಇಟ್ಟಿದ್ದ ನಮ್ಮ 12 ಬೋರ್‌ನವು ಮಳೆಗಾಲಕ್ಕೆ ಉಬ್ಬಿ ನಳಿಕೆಗೆ ಇಳಿಯುತ್ತಿಲ್ಲ. ಕಾಫಿ ಕಣದಲ್ಲಿ ಬಿಸಿಲಿಗೆ ಹರಡಿದರೆ ಸರಿ ಹೋಗುತ್ತದಾ?

ಜೋಡಿನಳಿಕೆ:
ಬೇಡ ಮಾರಾಯ. ಒಣಗಿಸಿದರೂ ಉಬ್ಬಿದ ಕಾಗದದ ಕೊಳವೆ ಮೊದಲಿನ ಅಳತೆಗೆ ಬರುವುದಿಲ್ಲ, ಒಳಗಿನ ಮದ್ದು ಏನಾಗಿದೆ ಅಂತಲೂ ಕಾಣುವುದಿಲ್ಲ. ಒತ್ತಿ ತುರುಕಲೂ ಹೋಗಬೇಡ. ಡೀಲರ್‌ಗೆ ವಾಪಸ್ ಕೊಟ್ಟು ಪ್ಲಾಸ್ಟಿಕ್ ಕೊಳವೆಯದ್ದು ತಗೋ.