ನಾಯಿ ಕರ್ಕೊಂಡು ನಾಳೆ ಯಾಣಕ್ಕೆ ಹೊರಟಿದ್ದೇವೆ, ಚಗಳಿ ಚಟ್ನಿ ಎಲ್ಲಿ ಸಿಗುತ್ತೆ?

ಕಾಳಿದಂಡೆ:
ಕಾರವಾರದಿಂದ ಬರೆಯುತ್ತಿದ್ದೇನೆ. ಇವತ್ತು ಸಂಜೆ ಕಡಲ ದಂಡೆಯಲ್ಲಿ ನಾಯಿ ಓಡಾಡಿಸುವಾಗ ಮಾತಿಗೆ ಮಾತು ಬಂದು, ನಾಳೆ ಬೆಳಿಗ್ಗೆ ಯಾಣಕ್ಕೆ ಹೋಗೋದೇ ಅಂತ ನಾನೂ ತಮ್ಮನೂ ತೀರ್ಮಾನ ಮಾಡಿಬಿಟ್ಟೆವು. ಬ್ಯಾಗಿಗೆ ಇನ್ನೂ ಏನೂ ತುಂಬಿಲ್ಲ. ನಮ್ಮ ಕರಿಯನೂ ಬರಬೇಕು. ನಾಲ್ಕು ವರ್ಷದ ಊರನಾಯಿ, ಗುಡ್ಡ ಕಂಡರೆ ನಿಲ್ಲೋದೇ ಇಲ್ಲ. ಅಲ್ಲಿ ನಾಯಿ ಬಿಡ್ತಾರಾ? ಇನ್ನೊಂದು, ಚಗಳಿ ಅಂದರೆ ಕೆಂಪಿರುವೆಯ ಚಟ್ನಿ ತಿನ್ನಬೇಕು ಅಂತ ಎಷ್ಟೋ ದಿನದ ಆಸೆ. ದಾರಿಯಲ್ಲಿ ಹೋಟೆಲಲ್ಲಿ ಸಿಗುತ್ತಾ?

ಶಿರಸಿ ಅಡಕೆ:
ಯಾಣಕ್ಕೆ ನಾಯಿ ಬೇಡ ಮಾರಾಯ್ರೆ. 120 ಮೀಟರ್ ಎತ್ತರದ ಆ ಭೈರವೇಶ್ವರ ಶಿಖರದ ಬುಡದಲ್ಲೇ ದೇವಸ್ಥಾನ, ಜನ ಬರಿಗಾಲಲ್ಲಿ ಬಂಡೆ ಸುತ್ತು ಹಾಕ್ತಾರೆ, ಶನಿವಾರ ಅಂದ್ರೆ ಗದ್ದಲವೂ ಜಾಸ್ತಿ. ನಿಮ್ಮೂರಲ್ಲೇ ಗುಡ್ಡಳ್ಳಿ ಇದೆಯಲ್ಲ, ಹಬ್ಬುವಾಡ ಕಡೆಯಿಂದ ಹತ್ತಿ. ಮೇಲಿಂದ ಕಡಲೂ ಕಾಣುತ್ತದೆ, ಕಾಳಿ ನದಿಯೂ ಕಾಣುತ್ತದೆ. ಹಗ್ಗ ಮಾತ್ರ ಕೈಬಿಡಬೇಡಿ, ಚಿರತೆ ಮೊದಲು ಹಿಡಿಯೋದು ನಾಯಿಯನ್ನೇ.

ವಾಪಸ್ ಬಂದ ಕೂಡಲೇ ಉಣುಗು ನೋಡಿ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಸೊರಬದ ಕ್ಯಾಸನೂರು ಕಾಡಲ್ಲಿ, ನಮ್ಮ ಸಿದ್ದಾಪುರ ಕಡೆಗೂ ಅದು ಹೊಸದಲ್ಲ. ನಾಯಿ ಮೈಮೇಲೆ ಕೂತ ಉಣುಗು ಸೀದಾ ಮನೆಯೊಳಗೆ ಬರುತ್ತದೆ. ಹೋದ ವರ್ಷ ನಮ್ಮ ನಾಯಿಯ ಕಿವಿ ಮಡಿಕೆಯೊಳಗೆ ಬೆರಳಾಡಿಸಿದರೆ ಸಾಸಿವೆ ಕಾಳಿನ ಹಾಗೆ ಏನೋ ಸಿಕ್ಕಿತು, ಬೆರಳ ಸಂದಿಯಲ್ಲಿ ಇನ್ನೂ ಮೂರು. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು. ಬೆರಳಲ್ಲಿ ಹಿಸುಕಲೇಬೇಡಿ.

ಜೋಯಿಡಾದವಳು:
ಚಗಳಿ ಚಟ್ನಿ ಹೋಟೆಲಲ್ಲಿ ಕೇಳಿದರೆ ಸಿಗೋದು ಕಷ್ಟ ತಮ್ಮಾ, ಅದು ಮನೆ ಅಡುಗೆ. ನಮ್ಮಲ್ಲಿ ಮಾವಿನ ಮರದಲ್ಲಿ ಚಗಳಿಗಳು ಎಲೆ ಹೆಣೆದು ಗೂಡು ಕಟ್ಟಿರುತ್ತವೆ. ಅಪ್ಪ ಆ ಗೂಡನ್ನು ಕೊಯ್ದು ಪಾತ್ರೆಗೆ ಕೊಡವುತ್ತಿದ್ದರು, ಮೊಣಕೈವರೆಗೂ ಕಚ್ಚಿಸಿಕೊಂಡು. ಕೆಂಪಿರುವೆ, ಅಕ್ಕಿಯ ಹಾಗಿರುವ ಬಿಳಿ ಮೊಟ್ಟೆ, ಎರಡನ್ನೂ ಹುರಿದು ಮೆಣಸು, ಬೆಳ್ಳುಳ್ಳಿ, ಉಪ್ಪು, ಕಾಯಿ ಹಾಕಿ ಒರಳಲ್ಲಿ ಅರೆಯೋದು. ಹುಣಸೆ ಹಾಕೋದಿಲ್ಲ, ಇರುವೆಯ ಹುಳಿಯೇ ಸಾಕು. ಬಿಸಿ ಗಂಜಿಗೆ ಒಂದು ಚೂರು ಹಚ್ಚಿಕೊಂಡರೆ ಬೇರೇನೂ ಬೇಡ. ಆದರೆ ಕರಿಯನಿಗೆ ನೆಕ್ಕಲೂ ಕೊಡಬೇಡಿ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ರಕ್ತವನ್ನೇ ಕೆಡಿಸುತ್ತವೆ. ಅವನಿಗೆ ಬರೀ ಅನ್ನ ಕಟ್ಟಿಕೊಂಡು ಹೋಗಿ. ಇಲ್ಲಿಗೆ ಬರೋದಾದರೆ ಅವನು ಬೇಡ, ಕಾಳಿ ಹುಲಿ ಕಾಡಿಗೆ ನಾಯಿ ಬಿಡೋದಿಲ್ಲ.

ಕುಮಟಾ ಬಳಚು:
ಚಗಳಿ ಇಲ್ಲದಿದ್ದರೆ ಬಳಚು, ಅದೇ ಚಿಪ್ಪುಮೀನು, ತಿನ್ನಿ. ಗುಡ್ಡ ಇಳಿದು ಮೀನು ಮಾರ್ಕೆಟ್ಟಿಗೆ ಹೋಗಿ, ಚೆನ್ನಾಗಿ ತೊಳೆದು ಬೇಯಿಸಿ. ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ಎಸೆದುಬಿಡಿ.

ಕಾಳಿದಂಡೆ:
ಗುಡ್ಡಳ್ಳಿಯೇ ಸರಿ, ಆರು ಗಂಟೆಗೆ ಹೊರಡುತ್ತೇವೆ. ಚಿಮಟ ಮೊದಲು ಬ್ಯಾಗಿಗೆ ಹಾಕಿದೆ. ಜೋಯಿಡಾದ ಅಕ್ಕಾ, ಗೂಡು ಕೊಯ್ಯೋ ದಿನ ಒಂದು ಮಾತು ಹೇಳಿ. ಕರಿಯನನ್ನು ಅಮ್ಮನ ಹತ್ತಿರ ಬಿಟ್ಟು ಬರುತ್ತೇವೆ.