ಪಾಮಿನ ಬಾಣಂತನ

"ಆ ಕಂಬಳಿ ನನ್ನದು" ಎಂದರು ಶೆಟ್ಟರು, ಮೊಬೈಲನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು. "ಮೂಲೆಯಲ್ಲಿ ತೂತು ಕಾಣುತ್ತದೆಯಲ್ಲ, ಅದು ಬೀಡಿಯ ಕಿಡಿ ಬಿದ್ದು ಆದದ್ದು. ನವೆಂಬರಿನಲ್ಲಿ ಮಗಳ ಬಾಣಂತನಕ್ಕೆ ಹೊರಡುವಾಗ ಮನೆಯಾಕೆ ಪೆಟ್ಟಿಗೆಗೆ ತುಂಬಿದಳು. ಚಳಿ ದೇಶ, ಅವಳಿಗೇ ಬೇಕಾದೀತು ಎಂದು ನಾನು ಸುಮ್ಮನಿದ್ದೆ."

ಉಡುಪಿಯ ಕುಂಜಿಬೆಟ್ಟಿನಲ್ಲಿ ಅಂದು ಜನವರಿಯ ಚಳಿಯಿತ್ತು. ಎಂದರೆ ಉಷ್ಣತೆ 22 ಡಿಗ್ರಿಗೆ ಇಳಿಯುವ ಸೂಚನೆಯಿತ್ತು, ಭಟ್ಟರು ಕಿವಿಗೆ ಮಫ್ಲರು ಸುತ್ತಿಕೊಂಡಿದ್ದರು, ಚಾವಡಿಯ ಫ್ಯಾನು ಮಾತ್ರ ವಾಡಿಕೆಯಂತೆ ಮೂರರಲ್ಲಿ ತಿರುಗುತ್ತಿತ್ತು. ಗೋಳಿಬಜೆಯ ತಟ್ಟೆಯ ಹಿಂದೆಯೇ ಮೊಬೈಲೂ ಕೈಯಿಂದ ಕೈಗೆ ಹೋಯಿತು. ಚಿತ್ರದಲ್ಲಿ ಒಂದು ಗೋಡೆ, ಗೋಡೆಯ ಬುಡದಲ್ಲಿ ಅಡಿಯಿಂದ ಮುಡಿಯವರೆಗೆ ಕಂಬಳಿ ಹೊದ್ದು, ಸೊಂಟಕ್ಕೂ ಕುತ್ತಿಗೆಗೂ ಹಗ್ಗ ಬಿಗಿಸಿಕೊಂಡು, ತಲೆಯ ಮೇಲೆ ಕೊಡೆ ಹಿಡಿದು ನಿಂತ ಒಂದು ಆಕೃತಿ. ಕಂಬಳಿಯ ಒಳಗಿನಿಂದ ಕೆಂಪು, ಹಸಿರು ದೀಪಗಳು ಮಿನುಗುತ್ತಿದ್ದವು.

ಪೈಗಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಮಗಳೇ? ಬಾಣಂತಿಯನ್ನು ಹೀಗೆ ಹೊರಗೆ ನಿಲ್ಲಿಸಬಾರದು ಮಾರಾಯರೇ, ಶೀತವಾದೀತು."

"ಮಗಳಲ್ಲ, ಪಾಮ್ ಗಿಡ."

ಐತಾಳರು ಕೈಯಲ್ಲಿದ್ದ ಬಜೆಯನ್ನು ತಟ್ಟೆಗೆ ಮರಳಿಸಿದರು. ಅವರು ಕೈಗೆ ಬಂದ ಬಜೆಯನ್ನು ಕೆಳಗಿಟ್ಟದ್ದನ್ನು ನಾವು ಹಿಂದೆ ನೋಡಿದ್ದಿಲ್ಲ.

"ಹಾಗಾದರೆ ಮೊಮ್ಮಗನ ಫೋಟೋ ಎಲ್ಲಿ?" ಎಂದು ಭಟ್ಟರು ಕೇಳಿದರು.

"ಎಳೆಮಗುವಿನ ಫೋಟೋ ಕಳಿಸಬಾರದಂತೆ, ದೃಷ್ಟಿಯಾಗುತ್ತದಂತೆ. ದಿನಕ್ಕೆ ನಾಲ್ಕು ಸಲ ಇದರ ಫೋಟೋವೇ ಬರುತ್ತದೆ."

"ಇದಕ್ಕೆ ದೃಷ್ಟಿಯಾಗುವುದಿಲ್ಲವೇ?" ಎಂದರು ಐತಾಳರು. "ಆಗಲೂ ಸಾಕು, ನನ್ನ ಕಣ್ಣು ಈಗಾಗಲೇ ಬಿದ್ದಿದೆ."

ಶೆಟ್ಟರು ಅಳಿಯನನ್ನು ಹಳಿಯುವವರಲ್ಲ. ಹಳಿಯುವ ಹಕ್ಕಿದ್ದ ಮನೆಯಾಕೆ ಅಳಿಯನ ಪಕ್ಷಕ್ಕೆ ಸೇರಿ ಎರಡು ತಿಂಗಳಾಗಿತ್ತು. ಆದುದರಿಂದ ಅವರು ವಿಷಯವನ್ನು ವಕೀಲರಂತೆ ಮಂಡಿಸಿದರು. ಅಳಿಯನ ಮನೆಯಿರುವುದು ಕೆನಡಾದ ವ್ಯಾಂಕೂವರ್ ಪಕ್ಕದ ಸರ್‍ರೆಯಲ್ಲಿ. ವ್ಯಾಂಕೂವರಿನ ಇಂಗ್ಲಿಷ್ ಬೇ ಎಂಬ ಕಡಲದಂಡೆಯಲ್ಲಿ ಚೀನಾ ಮೂಲದ ಬೀಸಣಿಗೆ ಎಲೆಯ ತಾಳೆಗಳನ್ನು ನೆಟ್ಟಿದ್ದಾರೆ. ಅದನ್ನು ನೋಡಿದ ದಿನವೇ ಅವನಿಗೆ ಹುಚ್ಚು ಹತ್ತಿತು. ಟ್ರ್ಯಾಕಿಕಾರ್ಪಸ್ ಎಂಬ ಆ ಜಾತಿಯ ಸಣ್ಣ ಸಸಿಯೊಂದನ್ನು ತಂದು, ಎರಡು ಚಳಿಗಾಲ ಹಾಲ್‌ನೊಳಗೆ ಕುಂಡದಲ್ಲಿ ಸಾಕಿ, ಬೇರು ಹಿಡಿಯಲು ಇಡೀ ಬೇಸಿಗೆ ಸಿಗಲೆಂದು ಕಳೆದ ಮೇ ತಿಂಗಳಲ್ಲಿ ದಕ್ಷಿಣದ ಗೋಡೆಯ ಬುಡದಲ್ಲಿ ನೆಟ್ಟ. ಹಗಲಿಡೀ ಬಿಸಿಲು ಕುಡಿದ ಗೋಡೆ ರಾತ್ರಿ ಅಷ್ಟಿಷ್ಟು ಬಿಸಿ ಬಿಡುತ್ತದೆ, ಒಂದೆರಡು ಡಿಗ್ರಿಯ ಉಪಕಾರ. ಬಲಿತ ಮರವಾದರೆ ಸೊನ್ನೆಗಿಂತ 12 ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಎಳೆಯದಕ್ಕೆ ಇನ್ನೂ ಕಾಂಡವಿಲ್ಲ, ಬೇರು ಆಳಕ್ಕೆ ಇಳಿದಿಲ್ಲ, ಅದರ ಅರ್ಧವೂ ತಡೆಯದು. ಅಲ್ಲಿಯ ಚಳಿಯಾದರೋ ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಫ್ರೇಸರ್ ಕಣಿವೆಯ ಕಡೆಯಿಂದ ಒಳನಾಡಿನ ಗಾಳಿ ನುಗ್ಗಿದ ನಾಲ್ಕು ದಿನ ಮಾತ್ರ ಲೆಕ್ಕ ತಪ್ಪುತ್ತದೆ.

"ಒಟ್ಟಿನಲ್ಲಿ ಬದುಕಿದರೂ ಬದುಕೀತು, ಸತ್ತರೂ ಸತ್ತೀತು ಎಂಬಂಥ ಹವೆ" ಎಂದು ಶೆಟ್ಟರು ಮುಗಿಸಿದರು.

"ಗೊತ್ತಾಯಿತು" ಎಂದರು ಐತಾಳರು. "ಮೂವತ್ತಾರರಲ್ಲಿ ಹದಿನೆಂಟು ಗುಣ ಕೂಡಿಬಂದ ಜಾತಕ. ಪೂರ್ತಿ ಕೂಡದಿದ್ದರೆ ಮನುಷ್ಯ ಕೈಬಿಡುತ್ತಾನೆ, ಪೂರ್ತಿ ಕೂಡಿದರೆ ನಿದ್ದೆ ಮಾಡುತ್ತಾನೆ. ಅರ್ಧ ಕೂಡಿತೋ, ಜನ್ಮವಿಡೀ ಕಂಬಳಿ ಹೊದಿಸುತ್ತಲೇ ಇರಬೇಕು. ಅಲ್ಲ ಶೆಟ್ಟರೇ, ಒಳಗೆ ದೀಪ ಯಾತಕ್ಕೆ? ದೀಪಾವಳಿ ಮುಗಿಯಲಿಲ್ಲವೇ?"

"ಬಿಸಿಗೆ. ಕ್ರಿಸ್ಮಸ್ ದೀಪದ ಮಾಲೆ ಅದು. ಈಗಿನ ಎಲ್‌ಇಡಿ ಆಗುವುದಿಲ್ಲವಂತೆ, ಅದು ಬೆಳಕು ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ. ಹಳೆಯ ಕಾಲದ ಬಲ್ಬಿನ ಮಾಲೆಗಾಗಿ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದ. ಉಷ್ಣತೆ 2 ಡಿಗ್ರಿಗೆ ಇಳಿದರೆ ತಾನಾಗಿ ಹೊತ್ತಿಕೊಂಡು, 7 ಡಿಗ್ರಿಗೆ ಏರಿದರೆ ತಾನಾಗಿ ಆರುವ ಪ್ಲಗ್ಗೂ ಉಂಟು."

"ನನ್ನ ಬಚ್ಚಲಿನ ಹಂಡೆಗೆ ಅಂಥ ಭಾಗ್ಯವಿಲ್ಲ" ಎಂದು ಐತಾಳರು ನಿಟ್ಟುಸಿರಿಟ್ಟರು. "ಬೆಚ್ಚಗಿನ ಹೊದಿಕೆ, ಗಾಳಿ ತಾಗದ ಮೂಲೆ, ಮಂಚದ ಅಡಿಯ ಕೆಂಡದ ಬದಲಿಗೆ ಬಲ್ಬು. ನಿಮ್ಮ ಮನೆಯವರು ಒಂದೇ ವೀಸಾದಲ್ಲಿ ಎರಡು ಬಾಣಂತನ ಮುಗಿಸುತ್ತಿದ್ದಾರೆ. ಮೆಂತ್ಯದ ಲೇಹ್ಯ ಕೊಟ್ಟಾಯಿತೇ, ಕೇಳಿ."

ಅಷ್ಟಕ್ಕೇ ಬಿಟ್ಟಿದ್ದರೆ ಅಂದಿನ ಹರಟೆ ಕೆನಡಾದಲ್ಲೇ ಇರುತ್ತಿತ್ತು. ಆದರೆ ಪೈಗಳು, ತಾವು ಹೊಸಮನೆಯ ಅಂಗಳಕ್ಕೆ ಇಂಟರ್‌ಲಾಕ್ ಹಾಸಿ ನೆಟ್ಟ ನಾಲ್ಕು ಫಾಕ್ಸ್‌ಟೇಲ್ ಪಾಮ್‌ಗಳನ್ನು ನೆನೆದು, "ಪಾಮ್ ಎಂದರೆ ಒಂದು ಗತ್ತು ಇರುತ್ತದೆ ಬಿಡಿ" ಎಂದುಬಿಟ್ಟರು.

"ಗತ್ತು!" ಐತಾಳರು ಎದ್ದು ನಿಂತರು. "ಪೈಗಳೇ, ನಿಮ್ಮ ಅಂಗಳದಲ್ಲಿ ತೆಂಗಿನ ಮರ ಎಷ್ಟಿದ್ದವು?"

"ಮೂರು. ಕಾಯಿ ಬಿದ್ದು ಕಾರಿನ ಗಾಜು ಒಡೆಯಿತು. ಕೊಯ್ಯಲು ಜನ ಸಿಗುವುದಿಲ್ಲ."

"ಅಂದರೆ ಕೆಲಸ ಮಾಡುವ ಮರವನ್ನು ಕೆಲಸ ಮಾಡಿದ ತಪ್ಪಿಗೆ ಕಡಿದಿರಿ. ನಿಮ್ಮ ಫಾಕ್ಸ್‌ಟೇಲ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಬಂಡೆಗಳ ನಡುವೆ ತನ್ನಷ್ಟಕ್ಕೆ ಇದ್ದ ಮರ. ಸಸ್ಯಶಾಸ್ತ್ರಜ್ಞರು ಅದಕ್ಕೆ ಹೆಸರಿಟ್ಟದ್ದೇ 1983ರಲ್ಲಿ. ಅದಕ್ಕೆ ಮುಂಚೆ ನಮ್ಮ ಊರಿನಲ್ಲಿ ಗತ್ತು ಇರಲಿಲ್ಲವೇ? ತೆಂಗು, ಕಂಗು, ತಾಳೆ, ಈಚಲು, ಬೈನೆ, ಶ್ರೀತಾಳೆ ಎಂದು ಒಂದೊಂದಕ್ಕೂ ಬೇರೆಬೇರೆ ಹೆಸರು, ಬೇರೆಬೇರೆ ಉದ್ಯೋಗ. ಶ್ರೀತಾಳೆಯ ಗರಿಯಲ್ಲಿ ಗ್ರಂಥ ಬರೆದರು, ಕಂಗಿನ ಹಾಳೆಯಲ್ಲಿ ಮುಟ್ಟಾಳೆ ಮಾಡಿದರು, ಕೊತ್ತಳಿಗೆಯಲ್ಲಿ ನಾವು ಕ್ರಿಕೆಟ್ ಆಡಿದೆವು. ನರ್ಸರಿಗೆ ಹೋದದ್ದೇ ಎಲ್ಲವೂ ಪಾಮ್ ಆಯಿತು. ಹೇಳಿ, ನಿಮ್ಮ ಪಾಮಿನ ಗರಿಯಿಂದ ಒಂದು ಹಿಡಿಸೂಡಿಯಾದರೂ ಆದೀತೇ?"

"ಇಂಟರ್‌ಲಾಕ್ ಅಂಗಳಕ್ಕೆ ಹಿಡಿಸೂಡಿ ಬೇಡ, ನೀರಿನ ಪೈಪು ಹಿಡಿಯುತ್ತೇವೆ" ಎಂದರು ಪೈಗಳು. ಐತಾಳರಿಗೆ ಉತ್ತರ ಹೊಳೆಯಲಿಲ್ಲ. ಅವರಿಗೆ ಹಾಗಾಗುವುದು ಅಪರೂಪವಾದುದರಿಂದ ಭಟ್ಟರು ಆ ಸಂದರ್ಭವನ್ನು ಬಿಡಲಿಲ್ಲ.

"ನೀವೂ ಮಳೆಗಾಲಕ್ಕೆ ಮುಂಚೆ ಅಡಿಕೆಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸುತ್ತಿದ್ದಿರಿ ಐತಾಳರೇ. ಅದು ಬಾಣಂತನವಲ್ಲವೇ?"

"ಅದು ರೈನ್‌ಕೋಟು. ದುಡಿಯಲು ಹೊರಟವನಿಗೆ ರೈನ್‌ಕೋಟು ಕೊಡುವುದು ಬೇರೆ, ಸುಮ್ಮನೆ ನಿಂತವನಿಗೆ ಕಂಬಳಿ ಹೊದಿಸುವುದು ಬೇರೆ. ಇನ್ನೊಂದು ಮಾತು. ಶೆಟ್ಟರ ಅಳಿಯನ ಮರದ ದಾಯಾದಿಯೊಂದು ನಮ್ಮ ದೇಶದಲ್ಲೇ ಉಂಟು. ಉತ್ತರಾಖಂಡದ ಕುಮಾವೂಂ ಕಡೆ, ಪಿಥೋರಗಢದ ಬಳಿಯ ಥಲ್‌ಕೇದಾರ ಬೆಟ್ಟದಲ್ಲಿ, 2000 ಮೀಟರಿಗಿಂತ ಎತ್ತರದಲ್ಲಿ, ಚಳಿಗಾಲದಲ್ಲಿ ಹಿಮ ಬೀಳುವಲ್ಲಿ ಬೆಳೆಯುತ್ತದೆ. ಯಾರ ಅತ್ತೆಯೂ ಅಲ್ಲಿಗೆ ಕಂಬಳಿ ಹೊತ್ತುಕೊಂಡು ಹೋದದ್ದಿಲ್ಲ."

ಈ ಮಾತಿಗೆ ಶೆಟ್ಟರೂ ನಗಬೇಕಿತ್ತು. ಅವರು ನಗಲಿಲ್ಲ. ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟು, "ಬೆಳಿಗ್ಗೆ ಸುದ್ದಿ ಬಂದಿದೆ. ಸುಳಿ ಎಳೆದು ನೋಡಿದನಂತೆ. ಕೈಗೇ ಬಂತಂತೆ" ಎಂದರು.

ಚಾವಡಿ ಒಮ್ಮೆಗೇ ಮೌನವಾಯಿತು. ಪಾಮ್ ಬೇರೆಯಿರಬಹುದು, ಸುಳಿ ಎಂಬ ಮಾತು ಅಲ್ಲಿದ್ದ ಎಲ್ಲರ ಮನೆಯದು. ಮಾವಿನ ತುದಿ ಮುರಿದರೆ ಪಕ್ಕದಿಂದ ನಾಲ್ಕು ಚಿಗುರು ಬರುತ್ತವೆ. ತೆಂಗಿಗಾಗಲಿ ಕಂಗಿಗಾಗಲಿ ಚಿಗುರುವ ಜಾಗ ಒಂದೇ, ಅದು ನೆತ್ತಿಯಲ್ಲಿ. ನಡುವಿನ ಬಿಳಿಯ ಎಲೆ ಮೊದಲು ಬಾಡುತ್ತದೆ, ಸುತ್ತಲಿನ ಮಡಲುಗಳು ಏನೂ ಆಗದಂತೆ ಹಸಿರಾಗಿಯೇ ಇರುತ್ತವೆ, ಒಂದು ದಿನ ಎಳೆದು ನೋಡಿದರೆ ಸುಳಿ ಸರಕ್ಕನೆ ಕಳಚಿ ಬರುತ್ತದೆ, ಬುಡದಲ್ಲಿ ಕೊಳೆತ ನಾತ. ಭಟ್ಟರು ಎರಡು ಮಳೆಗಾಲಗಳಲ್ಲಿ ಹೀಗೆ ಮೂರು ಮರ ಕಳೆದುಕೊಂಡವರು.

"ವಾಸನೆ ಇತ್ತೇ?" ಎಂದು ಭಟ್ಟರು ಕೇಳಿದರು.

"ಇತ್ತಂತೆ."

"ಹಾಗಾದರೆ ಬರಿಯ ಚಳಿಯಲ್ಲ, ಸುಳಿಗೆ ನೀರು ಇಳಿದಿದೆ. ಅಲ್ಲಿ ಮಳೆಗಾಲ ಯಾವಾಗ?"

"ಚಳಿಗಾಲವೇ ಮಳೆಗಾಲ. ನವೆಂಬರಿನಿಂದ ಸುರಿಯುತ್ತಲೇ ಉಂಟಂತೆ. ಕೊಡೆ ಈ ವಾರವಷ್ಟೇ ಹಿಡಿದದ್ದು."

"ನಮ್ಮ ಆಷಾಢವನ್ನು ಪುಷ್ಯದ ಮೇಲೆ ಹೊಯ್ದ ಹಾಗಾಯಿತು" ಎಂದರು ಭಟ್ಟರು. "ಮೊದಲು ಕೊಡೆ, ಆಮೇಲೆ ಕಂಬಳಿ. ಫೋನ್ ಮಾಡಿ."

ನಮ್ಮ ಸಂಜೆ ಆರೂವರೆ ಎಂದರೆ ಅಲ್ಲಿ ಬೆಳಗಿನ ಜಾವ ಐದು. ಮಗು ಎದ್ದಿದ್ದುದರಿಂದ ಮನೆಯವರೆಲ್ಲ ಎದ್ದಿದ್ದರು. ಭಟ್ಟರು ಮಫ್ಲರು ಬಿಚ್ಚಿ, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ಪಂಡಿತರು ಪಥ್ಯ ಹೇಳುವಂತೆ ಹೇಳತೊಡಗಿದರು. ಕೊಳೆತದ್ದನ್ನು ಪೂರ್ತಿ ತೆಗೆಯಬೇಕು. ಗಟ್ಟಿ ಬಿಳಿಯ ಭಾಗ ಸಿಕ್ಕಿದರೆ ಅಲ್ಲಿಗೆ ನಿಲ್ಲಿಸಬೇಕು. ಆಮೇಲೆ ಶೇಕಡಾ ಒಂದರ ಬೋರ್ಡೋ ದ್ರಾವಣ: ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರು.

"ಗಿಡ ಒಂದೇ ಇರುವುದು ಮಾವ" ಎಂದಿತು ಕೆನಡಾ, ಅಳುಕುತ್ತ.

ಭಟ್ಟರಿಗೆ ತೋಟದ ಲೆಕ್ಕ ಗೊತ್ತು, ಗಿಡದ ಲೆಕ್ಕ ಗೊತ್ತಿಲ್ಲ. ಅವರು ತಡವರಿಸುತ್ತಿದ್ದಾಗ ಹಿಂದಿನಿಂದ ಒಂದು ಧ್ವನಿ, "ಲೀಟರಿಗೆ ಹತ್ತು ಹತ್ತು ಗ್ರಾಂ. ಎರಡನ್ನೂ ಬೇರೆಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಲೋಹದ ಪಾತ್ರೆ ಬೇಡ. ಇಲ್ಲದಿದ್ದರೆ ಅಂಗಡಿಯಲ್ಲಿ ತಾಮ್ರದ ಶಿಲೀಂಧ್ರನಾಶಕ ಸಿಕ್ಕೀತು, ಡಬ್ಬದ ಮೇಲೆ ಬರೆದ ಪ್ರಮಾಣದಲ್ಲೇ ಹಾಕಲಿ" ಎಂದಿತು. ತಿರುಗಿ ನೋಡಿದರೆ ಐತಾಳರು.

ನಾವೆಲ್ಲ ತಮ್ಮನ್ನೇ ನೋಡುತ್ತಿರುವುದು ಕಂಡು ಅವರು ಗಂಟಲು ಸರಿಮಾಡಿಕೊಂಡರು. "ಋಣ ಇಟ್ಟುಕೊಳ್ಳಬಾರದು ಎಂದು ಹೇಳಿದೆ. ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣ ಯಾವುದೆಂದು 1910ರಲ್ಲಿ ಬರೆದು, ಬೋರ್ಡೋ ಸಿಂಪಡಿಸಲು ಕಲಿಸಿದವನು ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್‌ಮನ್. ಅವನು ಕೆನಡಾದವನು. ನೂರು ವರ್ಷ ದಾಟಿತು, ಈಗ ಬಡ್ಡಿ ಹೋಗುತ್ತಿದೆ."

ಪಥ್ಯ ಮುಂದುವರಿಯಿತು. ಸೊನ್ನೆಗಿಂತ ಮೇಲಿನ ಹವೆಯಿದ್ದ ಹಗಲು ಕಂಬಳಿ ಬಿಚ್ಚಿ ಗಾಳಿಯಾಡಿಸಬೇಕು, ಇಲ್ಲವಾದರೆ ಒಳಗಿನ ತೇವದಲ್ಲೇ ಮತ್ತೆ ಕೊಳೆಯುತ್ತದೆ. ಸೆಕೆ ಬರುವ ತನಕ ಗೊಬ್ಬರ ಬೇಡ. ಕೊಡೆ ಮಾತ್ರ ತೆಗೆಯಲೇಬಾರದು. ಮುಂದೆ ಸುಳಿ ಕಾಣಿಸಿದರೆ ಅದಕ್ಕೂ ಪಕ್ಕದ ಎಲೆಯ ತೊಟ್ಟಿಗೂ ಸೇರಿಸಿ ಪೆನ್ನಿನಲ್ಲಿ ಒಂದು ಅಡ್ಡಗೆರೆ ಎಳೆದಿಡಬೇಕು. ಎರಡು ಗೆರೆಗಳ ನಡುವೆ ಅಂತರ ಬಿದ್ದರೆ ಬೆಳೆಯುತ್ತಿದೆ ಎಂದರ್ಥ. ಇದು ಅಳಿಯನಿಗೆ ಮೊದಲೇ ಗೊತ್ತಿತ್ತು. ಪಾಮಿನ ಹುಚ್ಚಿನವರೆಲ್ಲ ಹಾಗೆಯೇ ಮಾಡುತ್ತಾರಂತೆ.

ಖಾಲಿ ತಟ್ಟೆ ಒಯ್ಯಲು ಬಂದ ಸಾವಿತ್ರಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದರು. "ತಲೆಗೆ ತಣ್ಣೀರು ತಾಗಬಾರದು, ಬಿಸಿಲಿದ್ದಾಗ ಹೊದಿಕೆ ಒಣಗಿಸಬೇಕು, ಕೇಳುವ ಮುಂಚೆ ಊಟ ಕೊಡಬಾರದು. ಇಷ್ಟು ಹೊತ್ತು ನೀವು ನಗಾಡಿದ್ದು ಯಾವುದಕ್ಕೆ?"

ಆ ಮೇಲಿನ ದಿನಗಳಲ್ಲಿ ಹರಟೆಗೆ ಬೇರೆ ವಿಷಯಗಳು ಬಂದವು, ಹೋದವು. ಆದರೆ ಶೆಟ್ಟರು ಮೆಟ್ಟಿಲು ಹತ್ತುತ್ತಿದ್ದಂತೆ "ರಾತ್ರಿ ಅಲ್ಲಿ ಎಷ್ಟು ಡಿಗ್ರಿ?" ಎಂದು ಯಾರಾದರೂ ಕೇಳುವುದು ರೂಢಿಯಾಯಿತು, ಆ ಯಾರಾದರೂ ಹೆಚ್ಚಾಗಿ ಐತಾಳರೇ ಆಗಿರುತ್ತಿದ್ದರು. ತಾನು ಕೇಳುವುದು ಮಗುವಿಗಾಗಿ ಎಂದು ಅವರು ಸಮಜಾಯಿಷಿ ಕೊಡುತ್ತಿದ್ದರು. ಮಗು ಹೀಟರ್ ಇರುವ ಕೋಣೆಯಲ್ಲಿ ಮಲಗುತ್ತದೆ ಎಂದು ಯಾರೂ ಅವರಿಗೆ ನೆನಪಿಸಲಿಲ್ಲ.

ಏಪ್ರಿಲಿನಲ್ಲಿ ಬಿಸು ಹಬ್ಬದ ದಿನ ಶೆಟ್ಟರಿಗೆ ಭಟ್ಟರಲ್ಲೇ ಊಟ. ನವೆಂಬರಿನಿಂದ ಈಚೆಗೆ ಹಬ್ಬದ ಊಟಗಳೆಲ್ಲ ಅವರಿಗೆ ಯಾರಾದರೊಬ್ಬರಲ್ಲೇ ಆಗುತ್ತಿದ್ದವು. ಮೇ ತಿಂಗಳಿಗೆ ಮನೆಯಾಕೆಯ ಆರು ತಿಂಗಳು ಮುಗಿಯುತ್ತದೆ. ಒಂದು ವಾರ ಮುಂಚೆ ಬಾ ಎಂದರೆ, ಸುಳಿಯ ವಿಷಯ ಇತ್ಯರ್ಥವಾಗದೆ ಟಿಕೆಟಿನ ಮಾತೆತ್ತಬೇಡಿ ಎನ್ನುತ್ತಾರಂತೆ. "ಮೊಮ್ಮಗ ಕವುಚಿ ಮಲಗಲು ಕಲಿತ" ಎಂದರು ಶೆಟ್ಟರು, ಪಾಯಸದ ಎಲೆಯ ಮುಂದೆ. "ಅದು ಇನ್ನೂ ಮಿಸುಕಿಲ್ಲ."

ಕೈ ತೊಳೆದು ಚಾವಡಿಗೆ ಬಂದಾಗ ಮೊಬೈಲು ಗುಣುಗುಟ್ಟಿತು. ಕಂಬಳಿಯಿಲ್ಲ, ಹಗ್ಗವಿಲ್ಲ, ದೀಪವಿಲ್ಲ. ಹಳದಿಗಟ್ಟಿದ ನಾಲ್ಕು ಬೀಸಣಿಗೆಗಳ ನಡುವಿನಿಂದ ಹಸಿರು ಕಡ್ಡಿಯಂಥದೊಂದು ಮೇಲೆ ಬಂದಿತ್ತು, ತುದಿಯನ್ನು ಯಾರೋ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದಂತೆ ಮೋಟಾಗಿ, ಕಂದಾಗಿ. ಅದರ ಮೇಲೊಂದು ನೀಲಿ ಗೆರೆ, ಪಕ್ಕದ ತೊಟ್ಟಿನ ಮೇಲೆ, ಸ್ವಲ್ಪ ಕೆಳಗೆ, ಇನ್ನೊಂದು.

"ಎಷ್ಟಿದ್ದೀತು?" ಎಂದು ಪೈಗಳು ಬಗ್ಗಿದರು.

"ಅರ್ಧ ಬೆರಳು" ಎಂದರು ಭಟ್ಟರು.

ಶೆಟ್ಟರು ಎರಡು ಬೆರಳುಗಳನ್ನು ಪರದೆಯ ಮೇಲಿಟ್ಟು ಅಗಲಿಸಿದರು. ಗೆರೆಗಳು ಒಂದರಿಂದ ಒಂದು ದೂರ ಸರಿದವು. "ಒಂದು ಬೆರಳೇ ಇದೆ."

"ಫೋಟೋ ದೊಡ್ಡದು ಮಾಡಿದರೆ ಸುಳಿ ಬೆಳೆಯುವುದಿಲ್ಲ ಶೆಟ್ಟರೇ" ಎಂದರು ಐತಾಳರು.

"ಗೊತ್ತು" ಎಂದು ಶೆಟ್ಟರು ಇನ್ನೊಮ್ಮೆ ಅಗಲಿಸಿದರು.